ಕರೆಂಟು ಅವರದು, ಗ್ಯಾಸು ನನ್ನದು

ನನ್ನ ಮನೆ ಬಾಗಿಲಿಗೆ ಏನಾದರೂ ಮಾರಲು ಬಂದವರು ನೆಟ್ಟಗೆ ಮಾರಿ ಹೋದದ್ದೇ ಇಲ್ಲ. ಅವರೇನೋ ಹೇಳುತ್ತಾರೆ, ನಾನೇನೋ ಹೇಳುತ್ತೇನೆ, ಕೊನೆಗೆ ಇಬ್ಬರಲ್ಲಿ ಒಬ್ಬರ ಮುಖ ಬಾಡಿರುತ್ತದೆ.

ಅಮೆರಿಕದ ಕ್ಲಾರ್ಕ್ಸ್‌ಬರ್ಗಿನ ಈ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ಎರಡು ವರ್ಷದಿಂದ ಒಬ್ಬಳೇ ಇದ್ದೇನೆ. ಇಲ್ಲಿ ಕರೆಂಟನ್ನೂ ಗ್ಯಾಸನ್ನೂ ಯಾವ ಕಂಪನಿಯಿಂದ ಕೊಳ್ಳಬೇಕು ಅನ್ನುವುದನ್ನು ನಾವೇ ಆರಿಸಿಕೊಳ್ಳಬಹುದು. ನಮ್ಮಲ್ಲಿ ಕರೆಂಟು ಒಂದು ಕಂಪನಿಯದು, ಯಜಮಾನರ ಹೆಸರಿನಲ್ಲಿ. ಗ್ಯಾಸು ಇನ್ನೊಂದರದು, ನನ್ನ ಹೆಸರಿನಲ್ಲಿ. ಒಲೆ ಉರಿಯುವುದೂ ಸ್ನಾನದ ನೀರು ಕಾಯುವುದೂ ಅದರಲ್ಲೇ. "ಒಲೆ ಹಚ್ಚೋಳು ನೀನು, ಬಿಲ್ಲೂ ನಿನ್ನ ಹೆಸರಿಗೇ ಬರಲಿ" ಅಂತ ಅವರೇ ತಮಾಷೆಗೆ ಹಾಗೆ ಮಾಡಿಸಿದ್ದರು.

ಅವರು ತೀರಿಕೊಂಡ ಮೇಲೆ ಬ್ಯಾಂಕು, ಕಾರು, ಮನೆ ಎಲ್ಲ ನನ್ನ ಹೆಸರಿಗೆ ಬಂದವು. ಕರೆಂಟು ಮಾತ್ರ ಬರಲಿಲ್ಲ. ನಾನು ತಂದುಕೊಳ್ಳಲಿಲ್ಲ ಅನ್ನುವುದೇ ಸರಿ. ತಿಂಗಳಿಗೊಮ್ಮೆ ಅವರ ಹೆಸರಿಗೆ ಒಂದು ಲಕೋಟೆ ಬರುತ್ತಿತ್ತು. ಅವರ ಹೆಸರು ಹೊತ್ತು ಈ ಮನೆಗೆ ಬರುವುದು ಅದೊಂದೇ ಉಳಿದಿತ್ತು. ಎರಡನ್ನೂ ಒಂದೇ ಕಂಪನಿಗೆ ಕೊಟ್ಟರೆ ಅಗ್ಗ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಹಾಗೆ ಕೊಡಬೇಕಾದರೆ ಎರಡೂ ಒಂದೇ ಹೆಸರಿನಲ್ಲಿರಬೇಕು. ತೀರಿಕೊಂಡವರ ಹೆಸರಿಗೆ ಯಾರೂ ಗ್ಯಾಸು ಕೊಡುವುದಿಲ್ಲ. ಅಂದರೆ ಲಕೋಟೆ ನಿಲ್ಲಬೇಕು. ನನ್ನ ಪೇಚಾಟ ಇಷ್ಟೇ. ಉಳಿದದ್ದೆಲ್ಲ ಅದರ ಸುತ್ತ ನಡೆದ ತಮಾಷೆ.

೧. ಸ್ನಾನ

ಒಂದು ಶನಿವಾರ ಮಧ್ಯಾಹ್ನ ಇನ್ನೊಂದು ಕಂಪನಿಯ ಹುಡುಗನೊಬ್ಬ ಬಾಗಿಲು ತಟ್ಟಿದ. ಕತ್ತಿನಲ್ಲಿ ಬ್ಯಾಡ್ಜು, ಕೈಯಲ್ಲಿ ಕಾಗದದ ಕಟ್ಟು. "ಕರೆಂಟು, ಗ್ಯಾಸು ಎರಡನ್ನೂ ನಮಗೇ ಕೊಡಿ ಮೇಡಂ. ಕರೆಂಟ್ ಅಕೌಂಟ್ ಸಾರ್ ಹೆಸರಲ್ಲಿದೆಯಾ? ಅವರ ಹತ್ತಿರ ಮಾತಾಡಬಹುದಾ?" ಅಂದ.

ಒಂಟಿ ಹೆಂಗಸು ಇರುವ ಮನೆ ಅಂತ ಯಾರಿಗೂ ಗೊತ್ತಾಗಬಾರದೆಂದು ಯಜಮಾನರ ಶೂಗಳನ್ನು ಇಂದಿಗೂ ಬಾಗಿಲ ಹೊರಗೆ ಇಟ್ಟಿದ್ದೇನೆ. ಅದಕ್ಕೆ ತಕ್ಕಂತೆ ಬಾಯಿಗೆ ಬಂದದ್ದು ಹೇಳಿದೆ. "ಅವರು ಸ್ನಾನಕ್ಕೆ ಹೋಗಿದ್ದಾರೆ. ನೀನು ಕಾಗದ ಕೊಡು, ನಾನು ಓದ್ತೀನಿ."

ನಾನು ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಕಲಿತದ್ದು ಇಲ್ಲಿಯ ಲೈಬ್ರರಿಯಲ್ಲಿ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು. ಬಟ್ಟೆ ಆಲ್ಟರೇಷನ್ ಅಂಗಡಿ ಹಾಕಿದಾಗ ಅದರ ಬಾಡಿಗೆ ಕರಾರನ್ನು ಒಂದು ವಾರ ಕೂತು ಓದಿದೆ, ಎರಡು ತಪ್ಪು ಹುಡುಕಿಕೊಟ್ಟೆ. ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗಾಗಿ ಹುಡುಗನನ್ನು ಪೋರ್ಚಿನ ಕುರ್ಚಿಯಲ್ಲಿ ಕೂರಿಸಿ, ಕಾಫಿ, ಚಕ್ಕುಲಿ ಕೊಟ್ಟು, ಹದಿನಾಲ್ಕು ಪುಟವನ್ನೂ ಓದಿದೆ. ಒಂಬತ್ತನೇ ಪುಟದಲ್ಲಿ ಕಣ್ಣು ನಿಂತಿತು.

"ಆರು ತಿಂಗಳಾದ ಮೇಲೆ ರೇಟು ಎಷ್ಟು ಬೇಕಾದರೂ ಏರಿಸಬಹುದು ಅಂತ ಇದೆಯಲ್ಲಪ್ಪ?"

"ಹೌದಾ?" ಅಂತ ಅವನೇ ಬಗ್ಗಿ ನೋಡಿದ. ಮುಖ ಸಣ್ಣದಾಯಿತು. "ಮೇಡಂ, ನಮ್ಮಮ್ಮನ ಮನೆಗೂ ಇದನ್ನೇ ಹಾಕಿಸಿದ್ದೀನಿ." ಅಂಗಳಕ್ಕೆ ಇಳಿದು ಅವರಮ್ಮನಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡು ಅಂತ ಹೇಳಿ ಬಂದ. ಆಮೇಲೆ ಕಾಗದವೆಲ್ಲ ಎತ್ತಿಕೊಂಡು, ಹೊರಡುವ ಮುಂಚೆ ಒಳಗೊಮ್ಮೆ ಕಣ್ಣು ಹಾಯಿಸಿ ಮೆಲ್ಲಗೆ ಅಂದ:

"ನಮ್ಮ ಪ್ಲಾನ್ ಬೇಡ, ಬಿಡಿ. ಆದರೆ ಸಾರ್ ಒಂದೂವರೆ ಗಂಟೆಯಿಂದ ಸ್ನಾನ ಮಾಡ್ತಿದ್ದಾರೆ. ನಿಮಗೆ ಯಾವುದಾದರೂ ಒಳ್ಳೆ ಗ್ಯಾಸ್ ಪ್ಲಾನ್ ಬೇಕೇ ಬೇಕು ಮೇಡಂ."

೨. ಎರಡೂ ಒಬ್ಬರ ಕೈಲಿ

ಯುಗಾದಿ ಊಟಕ್ಕೆ ಡಾಕ್ಟರ್ ಅಂಕಲ್ ಮನೆಗೆ ಕರೆದಿದ್ದರು. ಅಂಕಲ್ ಐವತ್ತು ವರ್ಷದ ಹಿಂದೆ ಬಂದು ನೆಲೆಸಿದವರು. ನಾನು ಸುಮ್ಮನಿರಲಾರದೆ ಅಲ್ಲಿ ವಿಷಯ ಎತ್ತಿದೆ. ಎರಡನ್ನೂ ಒಂದೇ ಕಂಪನಿಗೆ ಕೊಡಲಾ, ಬೇಡವಾ?

ಒಬ್ಬ ಸಾಫ್ಟ್‌ವೇರ್ ಹುಡುಗ ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದ. ನನ್ನ ಹಳೆಯ ಬಿಲ್ಲುಗಳನ್ನೆಲ್ಲ ಕೇಳಿದ, ಎಕ್ಸೆಲ್ ಶೀಟ್ ಮಾಡಿದ, ಕೆಂಪು ಗೆರೆ, ನೀಲಿ ಗೆರೆ ಎಳೆದ. ಒಬ್ಬಟ್ಟು ತಣ್ಣಗಾಗುವ ಹೊತ್ತಿಗೆ ತೀರ್ಮಾನ ಬಂತು. "ಆಂಟಿ, ಇನ್ನೂ ಒಂದು ವರ್ಷದ ಡೇಟಾ ಬೇಕು."

ಡಾಕ್ಟರ್ ಅಂಕಲ್‌ಗೆ ಡೇಟಾ ಬೇಕಿರಲಿಲ್ಲ. "ಬೇಡವೇ ಬೇಡಮ್ಮ. ಮೈಸೂರಲ್ಲಿ ನಮ್ಮನೇಲಿ ಸಿಲಿಂಡರ್ ಮುಗಿದರೆ ಕರೆಂಟ್ ಒಲೆ ಇರ್ತಿತ್ತು, ಕರೆಂಟ್ ಹೋದರೆ ಸಿಲಿಂಡರ್ ಇರ್ತಿತ್ತು. ಎರಡನ್ನೂ ಒಬ್ಬರ ಕೈಲಿ ಕೊಟ್ಟರೆ, ಅವರಿಗೆ ಸಿಟ್ಟು ಬಂದ ದಿನ ಕಾಫೀನೂ ಇಲ್ಲ, ಫ್ಯಾನೂ ಇಲ್ಲ."

ತಂತಿಯೂ ಕೊಳವೆಯೂ ಮೊದಲಿದ್ದ ಹಾಗೇ ಇರುತ್ತವೆ, ಮಾರುವವರು ಮಾತ್ರ ಬದಲಾಗುತ್ತಾರೆ ಅಂತ ನಾನು ಓದಿದ್ದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಅಡುಗೆಮನೆಯಿಂದ ಆಂಟಿಯ ಧ್ವನಿ ಬಂತು: "ರೀ, ನಲವತ್ತೆಂಟು ವರ್ಷದಿಂದ ಈ ಮನೇಲಿ ಕಾಫೀನೂ ಫ್ಯಾನೂ ಎರಡೂ ನನ್ನ ಕೈಲೇ ಇದೆಯಲ್ಲ?"

ಅಂಕಲ್ ನನ್ನ ಕಡೆ ಬಾಗಿ ಅಂದರು: "ಮತ್ತೆ ನಾನು ಸುಮ್ಮನೆ ಹೇಳ್ತೀನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ವಾಪಸ್ ಡ್ರೈವ್ ಮಾಡುವಾಗ ಪಕ್ಕದ ಸೀಟಿನಲ್ಲಿ ಆಂಟಿ ಕಟ್ಟಿಕೊಟ್ಟ ಒಬ್ಬಟ್ಟಿನ ಡಬ್ಬಿಗೆ ಸೀಟ್ ಬೆಲ್ಟ್ ಹಾಕಿದ್ದೆ.

೩. ಫ್ಯಾಮಿಲಿ ಪ್ಲಾನ್

ಮಗಳು ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ಹುಟ್ಟಿದ್ದು ಈ ದೇಶದಲ್ಲೇ. ಫೋನಿನಲ್ಲಿ ನನಗೆ ಬುದ್ಧಿ ಹೇಳುವಾಗ ಕನ್ನಡದಲ್ಲಿ ಶುರು ಮಾಡಿ ಇಂಗ್ಲಿಷಿಗೆ ಜಾರುತ್ತಾಳೆ.

"ಅಮ್ಮಾ, ಎರಡು ವರ್ಷ ಆಯ್ತು. ಇನ್ನೂ ಅಪ್ಪನ ನೇಮ್ ಯಾಕೆ ಇದೆ? ಇಟ್ಸ್ ಜಸ್ಟ್ ಎ ಬಿಲ್."

"ಇರಲಿ ಬಿಡೇ. ಅದೇನು ಅನ್ನ ಕೇಳುತ್ತಾ?"

"ಶೂಸ್ ಕೂಡ ಇದೆ ಅಲ್ವಾ? ಅಮ್ಮಾ, ಯು ಹ್ಯಾವ್ ಟು ಲೆಟ್ ಗೋ."

ನನಗೆ ರೇಗಿತು. ಎರಡೂ ಕಂಪನಿಯನ್ನೂ ಬಿಟ್ಟು ಸೌದೆ ಒಲೆ ಹಚ್ಚುತ್ತೇನೆ ಅಂದೆ. ಮಾತು ಬೆಳೆಯಿತು. ಬೆಳೆಯುತ್ತಾ ಅವಳ ಫೋನ್ ಬಿಲ್ಲಿನ ಕಡೆ ಹೊರಳಿತು, ಯಾಕೆಂದರೆ ಮನೆಯ ಫೋನ್‌ಗಳೆಲ್ಲ ಅವಳ ಅಕೌಂಟಿನಲ್ಲಿವೆ. ಅದರಲ್ಲಿ ಅವಳು, ಅಳಿಯ, ನಾನು ಅಂತ ಮೂರು ಲೈನು ಇರಬೇಕು. ನಾಲ್ಕು ಅಂದಳು.

"ನಾಲ್ಕನೇದು ಯಾರದು?"

ಆ ಕಡೆಯಿಂದ ಸಣ್ಣ ಧ್ವನಿಯಲ್ಲಿ ಬಂತು. "ಅಪ್ಪಂದು. ವಾಯ್ಸ್‌ಮೇಲ್‌ನಲ್ಲಿ ಅಪ್ಪ ಮಾತಾಡ್ತಾರೆ. ಸಮ್‌ಟೈಮ್ಸ್ ಐ ಕಾಲ್."

ಆಮೇಲೆ ಮೂಗೆಳೆದುಕೊಂಡು ಗತ್ತಿನಿಂದ ಸೇರಿಸಿದಳು. "ಬಟ್ ಅಮ್ಮಾ, ನಂದು ಬಂಡಲ್ ಪ್ಲಾನ್. ನಾಲ್ಕು ಲೈನ್ ಇದ್ದರೇನೇ ಚೀಪ್!"

೪. ಕಾರ್ಡು

ಚಳಿಗಾಲದಲ್ಲಿ ಅದೇ ಹುಡುಗ ಮತ್ತೆ ಬಂದ. ಈಗ ಬೇರೆ ಕಂಪನಿ, ಬ್ಯಾಡ್ಜೂ ಬೇರೆ. "ಇದರಲ್ಲಿ ರೇಟು ಏರಲ್ಲ ಮೇಡಂ. ಈ ಸಲ ನಾನೂ ಓದಿದ್ದೀನಿ" ಅಂದ. ಓದಿದ್ದು ನಿಜ, ಅಲ್ಲಲ್ಲಿ ಗೆರೆ ಹಾಕಿದ್ದ. ನನಗೆ ಖುಷಿಯಾಯಿತು. ಆಮೇಲೆ ಬರಬೇಕಾದ ಪ್ರಶ್ನೆ ಬಂದೇ ಬಂತು. "ಸಾರ್?"

"ಮೀಟಿಂಗಲ್ಲಿದ್ದಾರೆ."

"ಸರಿ, ನನ್ನ ಕಾರ್ಡ್ ಇಟ್ಟು ಹೋಗ್ತೀನಿ" ಅಂತ ಬಗ್ಗಿದ. ಹೋದ ಸಲ ಬಂದಾಗ ಹೊರಡುವಾಗ ಅವನು ಕಾರ್ಡನ್ನು ಯಜಮಾನರ ಶೂ ಒಳಗೆ ಸಿಕ್ಕಿಸಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಅದು ಇನ್ನೂ ಅಲ್ಲೇ ಇತ್ತು. ಮೇಲೆ ಜೇಡ ಬಲೆ ಕಟ್ಟಿತ್ತು. ಅವನು ಅದನ್ನು ನೋಡಿದ, ಅವನು ನೋಡಿದ್ದನ್ನು ನಾನು ನೋಡಿದೆ. ಹೊಸ ಕಾರ್ಡನ್ನು ಶೂನೊಳಗೆ ಹಾಕಲಿಲ್ಲ. ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟ.

"ಸಾರ್ ತುಂಬಾ ಬಿಜಿ ಅನ್ನಿಸುತ್ತೆ ಮೇಡಂ. ನೀವೇ ನಿರ್ಧಾರ ಮಾಡಿ."

ನನ್ನ ಬಾಗಿಲಲ್ಲಿ ನಿಂತು ನನ್ನನ್ನು ಕಂಡು ಅಯ್ಯೋ ಅನ್ನುವ ಅವಕಾಶವನ್ನು ನಾನು ಯಾರಿಗೂ ಕೊಟ್ಟವಳಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಅವನು ತಂದ ಪುಟಗಳನ್ನೆಲ್ಲ ಎರಡು ಸಲ ಓದಿದೆ. ತಪ್ಪೇನೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

೫. ವಾಪಸ್ ಬನ್ನಿ

ಸೋಮವಾರ ಹಳೆಯ ಕರೆಂಟ್ ಕಂಪನಿಗೆ ಫೋನ್ ಮಾಡಿ ಯಜಮಾನರು ತೀರಿಕೊಂಡ ವಿಷಯ ಹೇಳಿದೆ. ಡೆತ್ ಸರ್ಟಿಫಿಕೇಟ್ ಕಳಿಸಿದೆ. ಎರಡೂ ನನ್ನ ಹೆಸರಿಗೆ, ಆ ಹುಡುಗನ ಕಂಪನಿಗೆ ಹೋದವು. ಹಳೆಯ ಕಂಪನಿಯಿಂದ ಒಂದು ಸಂತಾಪದ ಕಾಗದ ಬಂತು, ನನ್ನ ಹೆಸರಿಗೆ. ಮುಂದಿನ ತಿಂಗಳು ಪೋಸ್ಟ್ ಬಾಕ್ಸಿನಲ್ಲಿ ಅವರ ಹೆಸರಿನ ಲಕೋಟೆ ಇರಲಿಲ್ಲ. ಇರುವುದಿಲ್ಲ ಅಂತ ಗೊತ್ತಿದ್ದೂ ಎರಡು ಸಲ ಕೈ ಹಾಕಿ ನೋಡಿದೆ.

ಆರು ವಾರದ ಮೇಲೆ ಒಂದು ಬಂತು. ಅದೇ ಹಳೆಯ ಕಂಪನಿಯಿಂದ, ಯಜಮಾನರ ಹೆಸರಿಗೇ. ಒಡೆದು ನೋಡಿದರೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ನೀವು ಹೋದದ್ದು ನಮಗೆ ಬೇಸರವಾಗಿದೆ. ದಯವಿಟ್ಟು ವಾಪಸ್ ಬನ್ನಿ. ಬಂದರೆ ಮೊದಲ ಮೂರು ತಿಂಗಳು ರಿಯಾಯಿತಿ.

ಅವರು ಹೋದಾಗ ಮಾತಾಡಿಸಲು ಬಂದವರೆಲ್ಲ ನನಗೆ ಸಮಾಧಾನ ಮಾಡಿಕೋ ಅಂದರು, ಧೈರ್ಯ ತಂದುಕೋ ಅಂದರು. ಅವರನ್ನೇ ವಾಪಸ್ ಬನ್ನಿ ಅಂತ ಕರೆದದ್ದು ಈ ಕಂಪನಿಯೊಂದೇ. ಕಾಗದವನ್ನು ಫ್ರಿಜ್ ಮೇಲೆ ಅಂಟಿಸಿದೆ.

ವಾರ ಕಳೆದ ಮೇಲೆ ಫೋನೂ ಬಂತು. ಎಳೆಯ ಹೆಣ್ಣು ಧ್ವನಿ. "ಸಾರ್ ಇದ್ದಾರಾ? ನಮ್ಮ ಆಫರ್ ತಲುಪಿತಾ?"

ನಿಮ್ಮ ಆಫೀಸಿಗೇ ಸರ್ಟಿಫಿಕೇಟ್ ಕಳಿಸಿದ್ದೀನಿ ಅಂತ ಬೈಯಬಹುದಿತ್ತು. ಆದರೆ ಅವರಿದ್ದಾಗ ಯಾರು ಏನು ಮಾರಲು ಫೋನ್ ಮಾಡಿದರೂ "ಹೆಂಡತೀನ ಕೇಳಿ ಹೇಳ್ತೀನಿ" ಅಂತ ನನ್ನ ಕಡೆ ಕಣ್ಣು ಹೊಡೆದು ಇಟ್ಟುಬಿಡುತ್ತಿದ್ದರು. ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಅದು ನೆನಪಾಯಿತು.

"ತಲುಪಿದೆ ಕಣಮ್ಮ. ಹೆಂಡತೀನ ಕೇಳಿ ಹೇಳ್ತಾರಂತೆ."

ಆ ಹುಡುಗಿ ಬಿಡುವವಳಲ್ಲ. "ಹಾಗಾದರೆ ಅವರ ಹೆಂಡತಿ ಏನಂತಾರೆ?"

ನಾನು ಫ್ರಿಜ್ ಕಡೆ ನೋಡಿದೆ.

"ಅವರು ವಾಪಸ್ ಬರೋದಾದ್ರೆ ಡಿಸ್ಕೌಂಟ್ ಬೇಡ, ಫುಲ್ ರೇಟೇ ಕೊಡ್ತೀನಿ ಅಂತಾಳೆ."