ಬ್ರೇಕಿನೊಳಗಿನ ಗಾಳಿ

ಲೋಕದಲ್ಲಿ ಒಬ್ಬನೇ ಮಾಡಿಕೊಳ್ಳಬಹುದಾದ ಕೆಲಸಗಳು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚಿವೆ. ಹೆಂಡತಿ ಹೋದಮೇಲೆ ನಾನು ಸಾರು ಮಾಡುವುದನ್ನು ಕಲಿತೆ, ಹಾಲು ಉಕ್ಕುವ ಮೊದಲೇ ಓಡಿಬರುವುದನ್ನು ಕಲಿತೆ. ಅದು ಸಾರೇ ಹೌದೋ ಎಂದು ಕೇಳುವವರಿಲ್ಲದ್ದರಿಂದ ಚೆನ್ನಾಗಿಯೇ ಮಾಡುತ್ತೇನೆ ಎನ್ನಬಹುದು. ಆದರೆ ಅಮೆರಿಕದ ಹಳೇ ಕಾರಿನ ಬ್ರೇಕ್ ರಿಪೇರಿ ಒಬ್ಬನ ಕೈಲಾಗುವ ಕೆಲಸವಲ್ಲ.

ಕಾರು ನಮ್ಮಪ್ಪ ಯಾರೋ ಕಂಟ್ರಾಕ್ಟರಿಂದ ಕೊಂಡದ್ದು, ಅಮೆರಿಕದ್ದಾದರೂ ಸ್ಟೀರಿಂಗು ನಮ್ಮ ಕಡೆಯಂತೆ ಬಲಕ್ಕೇ. ಮಧುಗಿರಿಯ ನಮ್ಮ ಬೀದಿಯಲ್ಲಿ ಅದು ತಿರುಗಬೇಕಾದರೆ ಎದುರು ಮನೆಯವರು ತುಳಸಿಕಟ್ಟೆ ಒಡೆಸಬೇಕು, ಅಷ್ಟು ಉದ್ದ. ಬ್ರೇಕಿನ ರಬ್ಬರು ಬದಲಾಯಿಸಿದಾಗಲೆಲ್ಲ ಪೈಪಿನೊಳಗೆ ಗಾಳಿ ಸೇರುತ್ತದೆ. ಅದನ್ನು ತೆಗೆಯಲು ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿನ ಸಣ್ಣ ನಟ್ಟು ಸಡಿಲಿಸಬೇಕು. ನಟ್ಟು ಮತ್ತೆ ಬಿಗಿಯಾಗುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ಸು ಒಳಗೆ. ನಮ್ಮ ಮನೆಯಲ್ಲಿ ಒತ್ತುತ್ತಿದ್ದವಳು ನನ್ನ ಹೆಂಡತಿ. ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. "ಅಮೆರಿಕದೋರು ಈ ಗಾಡಿ ಜತೇಲಿ ಒಬ್ಬೊಬ್ಬ ಹೆಂಡ್ತೀನೂ ಕಳಿಸ್ತಿದ್ರೇನ್ರೀ?" ಎಂದು ಕೇಳಿದ್ದಳು. ಮನೆಯ ದೊಡ್ಡ ತೀರ್ಮಾನಗಳೆಲ್ಲ ಆದದ್ದು ಆಗಲೇ. ನಾನು ಕಾರಿನ ಕೆಳಗಿದ್ದೆ, ಓಡಿಹೋಗುವಂತಿರಲಿಲ್ಲ. "ಹೊಸ ಗ್ರೈಂಡರ್ ತರ್ತೀನಿ ಅನ್ನಿ, ಆಮೇಲೆ ಒತ್ತುತೀನಿ."

ಆಸ್ಪತ್ರೆಯಿಂದ ಅವಳನ್ನು ತಂದದ್ದು ಬೇರೆಯವರ ವ್ಯಾನಿನಲ್ಲಿ. ಆವತ್ತು ನಮ್ಮ ಕಾರಿಗೆ ಬ್ರೇಕ್ ಇರಲಿಲ್ಲ. ಕಳ್ಳಂಬೆಳ್ಳದ ನಮ್ಮ ಹೊಲದಲ್ಲಿ ಅವಳ ಸಮಾಧಿಯಿದೆ. ವರ್ಷದ ಪೂಜೆಗಾದರೂ ನಮ್ಮ ಕಾರಿನಲ್ಲೇ ಹೋಗಬೇಕು ಎಂಬುದೊಂದು ಹಟ ನನಗೆ ಹಿಡಿದಿತ್ತು.

ಶಿರಾದ ಬಿಡಿಭಾಗದ ಅಂಗಡಿಯ ಸಾಬರು ಹಳೇ ರಬ್ಬರನ್ನು ಬೆಳಕಿಗೆ ಹಿಡಿದು, "ಇದಕ್ಕೆ ಸ್ಪೇರ್ ಇಲ್ಲ ಸಾರ್, ದುವಾ ಮಾಡ್ಬೇಕು ಅಷ್ಟೇ" ಎಂದರು. ದುವಾದ ಜತೆಗೆ ಜೀಪಿನ ರಬ್ಬರನ್ನೂ ಹೊಂದಿಸಿ ಕೊಟ್ಟರು. ಪೂಜೆಯ ಹಿಂದಿನ ದಿನ ಬಡವನಹಳ್ಳಿಯಿಂದ ಬಾಮೈದ ಶಿವಣ್ಣ ಬಂದ. ಬಂದವನೇ ಕಾರು ತೊಳೆದು, ವಿಭೂತಿ ಹಚ್ಚಿ, ಕರ್ಪೂರ ಬೆಳಗಿಬಿಟ್ಟ. ನಾನು ರಬ್ಬರು ಕೂರಿಸಿ, ಕೆಳಗೆ ಮಲಗಿ "ಒತ್ತು" ಎಂದೆ, "ಬಿಡು" ಎಂದೆ. ಎಷ್ಟು ಸಲ ಮಾಡಿದರೂ ನಟ್ಟಿನ ಬಳಿ ಗಾಳಿಯ ಗುಳ್ಳೆ ಬರುವುದು ನಿಲ್ಲಲಿಲ್ಲ. ತೆವಳಿಕೊಂಡು ಈಚೆ ಬಂದು ನೋಡಿದರೆ ಶಿವಣ್ಣ ಬಾಗಿಲ ಬಳಿ ಮಂಡಿಯೂರಿ ಪೆಡಲನ್ನು ಕೈಯಲ್ಲಿ ಒತ್ತುತ್ತಿದ್ದ. ಕೈ ಸೋತಾಗ ನಾನು ಹೇಳುವ ಮೊದಲೇ ಬಿಟ್ಟುಬಿಡುತ್ತಿದ್ದ.

"ಏನೋ ಇದು?"

"ಪೂಜೆ ಮಾಡಿರೋ ಗಾಡಿಗೆ ಹೆಂಗ್ ಬಾವ ಕಾಲ್ ಹಾಕೋದು?"

"ನಾಳೆ ನಾನೂ ಕೈಯಲ್ಲೇ ಬ್ರೇಕ್ ಹಾಕ್ಲೇನೋ? ನಿಮ್ಮಕ್ಕ ಇಷ್ಟು ವರ್ಷ ಕಾಲಲ್ಲೇ ಒತ್ತಿದಾಳೆ."

ಅವನು ಮಂಡಿಯ ಧೂಳು ಕೊಡವಿಕೊಂಡು ಎದ್ದ. ಆಮೇಲೆ ಟವೆಲಿನಿಂದ ಅಂಗಾಲು ಒರೆಸಿಕೊಂಡು ಒಳಗೆ ಕೂತ. ಹೇಳಿದಂತೆ ಒತ್ತಿದ, ಹೇಳಿದಂತೆ ಬಿಟ್ಟ, ಅಕ್ಕನ ಹಾಗೆ ಏನನ್ನೂ ಕೇಳಲಿಲ್ಲ. ಕೆಲಸ ಬೇಗ ಮುಗಿದುಹೋಯಿತು. ಅಷ್ಟು ಬೇಗ ಮುಗಿಯುವ ಕೆಲಸವೆಂದು ನನಗೆ ಗೊತ್ತೇ ಇರಲಿಲ್ಲ. "ಆಯ್ತಲ್ಲ, ಎದ್ದು ಬನ್ನಿ ಬಾವ" ಎಂದು ಅವನು ಕರೆದ ಮೇಲೂ ನಾನು ಕೆಳಗೇ ಮಲಗಿದ್ದೆ.

ಮಾರನೇ ಬೆಳಿಗ್ಗೆ ಹೂವು, ಎಡೆಯ ಬುಟ್ಟಿ ಹಿಂದಿಟ್ಟು ಹೊರಟೆವು. ಶಿರಾ ದಾಟಿದ ಮೇಲೆ ಕುರಿಹಿಂಡೊಂದು ರಸ್ತೆಗೆ ನುಗ್ಗಿತು. ನಾನು ಬ್ರೇಕ್ ತುಳಿದೆ. ಅಷ್ಟು ಭಾರದ ಕಾರು ಮೊದಲ ಕುರಿಗೆ ಒಂದೇ ಮಾರು ದೂರದಲ್ಲಿ, ಎಡಬಲ ಎಳೆಯದೆ, ಗಕ್ಕನೆ ನಿಂತಿತು. ಆ ಕಾಲದ ಕಾರು, ಮುಂದೆ ಬೆಲ್ಟಿಲ್ಲ, ಬೆಂಚಿನಂಥ ಒಂದೇ ಸೀಟು. ನನ್ನ ಎಡಗೈ ತಾನಾಗಿಯೇ ಚಾಚಿ, ಪಕ್ಕದಲ್ಲಿದ್ದವರು ಮುಂದಕ್ಕೆ ಬೀಳದಂತೆ ಎದೆಗೆ ಅಡ್ಡ ಹಿಡಿದಿತ್ತು.

"ನಾನ್ ಕಣ್ ಬಾವ" ಎಂದ ಶಿವಣ್ಣ, ಮೆಲ್ಲಗೆ.

"ಗೊತ್ತು ಕಣೋ" ಎಂದೆ.

ಕುರಿಗಳು ದಾಟಿಹೋದವು. ಹಿಂದಿನ ಲಾರಿಯವನು ಹಾರ್ನ್ ಹೊಡೆಯತೊಡಗಿದ. ಅಮೆರಿಕದ ಕಾರನ್ನು ನಿಲ್ಲಿಸಿ ತೋರಿಸಿದ ಈ ಮೆಕ್ಯಾನಿಕ್ಕಿಗೆ ಅದನ್ನು ಮತ್ತೆ ಹೊರಡಿಸುವುದು ಹೇಗೆಂದು ಆ ಕ್ಷಣಕ್ಕೆ ನೆನಪಾಗಲಿಲ್ಲ.