ಕ್ಯಾನಿನೊಳಗೆ ನಾಲ್ಕು ಕಡ್ಡಿ

ಚಂದ್ರಾಮಪ್ಪನಿಗೆ ಹೊಸ ಫೋನು ಬೇಕಾಗಿತ್ತು. ಸಿಗ್ನಲ್ ಬೇಡವಾಗಿತ್ತು.

ಇಂಥ ಗಿರಾಕಿಗೆ ತಕ್ಕ ಫೋನನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ ಎಂಬುದೇ ಅವನ ದುಃಖ. ಕ್ಯಾಮೆರಾ ಬೇಕು, ಅಂಗೈ ತುಂಬುವ ಪರದೆ ಬೇಕು, ಜೇಬಿನಿಂದ ತೆಗೆದರೆ ತನ್ನೂರು ಹವಳಗಾದ ಕಟ್ಟೆಯ ಮೇಲೆ ಕೂತವರೆಲ್ಲ ಒಮ್ಮೆ ಕತ್ತು ಚಾಚಬೇಕು. ಆದರೆ ದಿನಾ ಸಂಜೆ ಐದರಿಂದ ಆರರವರೆಗೆ ಅದು ಉಸಿರಿಲ್ಲದೆ ಬಿದ್ದಿರಬೇಕು.

ಅದಕ್ಕೆ ಕಾರಣವಿತ್ತು. ಹೋದ ವರ್ಷ ಕಲಬುರಗಿಯ ಡಾಕ್ಟರೊಬ್ಬರು ಅವನ ರಕ್ತದ ರಿಪೋರ್ಟು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, "ಇನ್ನ ಮ್ಯಾಲ ಕರಿದದ್ದು ಬಂದ್" ಎಂದುಬಿಟ್ಟರು. ಚಂದ್ರಾಮಪ್ಪ ಒಬ್ಬನೇ ಹೋಗಿದ್ದರೆ ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬರುತ್ತಿದ್ದ. ಹೆಂಡತಿ ಕಸ್ತೂರಿಬಾಯಿ ಜೊತೆಗಿದ್ದಳು. ಅವಳು ಏನನ್ನೂ ಎಲ್ಲಿಯೂ ಬಿಟ್ಟು ಬರುವವಳಲ್ಲ. ಗಂಡನನ್ನು ನೇರ ತನ್ನ ತವರಿಗೆ, ಭೀಮಾ ದಂಡೆಯ ಘತ್ತರಗಿಗೆ ಕರೆದೊಯ್ದಳು. ಅಲ್ಲಿ ಅತ್ತೆ ನಿಂಬೆವ್ವ ಅಳಿಯನನ್ನು ಭಾಗ್ಯವಂತಿ ದೇವಿಯ ಮುಂದೆ ನಿಲ್ಲಿಸಿ, "ಎಣ್ಣ್ಯಾಗ ಕರಿದದ್ದು ಕೈಲೆ ಮುಟ್ಟಂಗಿಲ್ಲ ಅಂತ ಅನ್ರಿ" ಎಂದು ಆಣೆ ಮಾಡಿಸಿದಳು. ಅಳಿಯ ಅಂದ. (ಅಂದಿನಿಂದ ಅವನು ಮಿರ್ಚಿ ಭಜಿಯನ್ನು ಕೈಯಿಂದ ಮುಟ್ಟಿಲ್ಲ. ಪೇಪರಿನಲ್ಲಿ ಹಿಡಿದೇ ತಿನ್ನುತ್ತಾನೆ. ದೇವರ ಕೂಡ ವ್ಯವಹಾರ ನೆಟ್ಟಗಿರಬೇಕು ನೋಡಿ.)

ದಿನಾ ಸಂಜೆ ಎರಡು ಕ್ಯಾನು ಹಾಲನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಅಫಜಲಪುರದ ಡೈರಿಗೆ ಹಾಕಿ ಬರುವುದು ಅವನ ಕೆಲಸ. ಡೈರಿಯಲ್ಲಿ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಬಸ್ ಸ್ಟ್ಯಾಂಡಿನ ಹಿಂದೆ, ಖಮರನ ಭಜಿ ಬಂಡಿಯ ಮುಂದಿನ ಮುರುಕು ಬೆಂಚಿನ ಮೇಲೆ. ಒಂದು ಪ್ಲೇಟು ಚುರುಮುರಿ ಸುಸಲಾ, ಮೇಲೆ ನಾಲ್ಕು ಮಿರ್ಚಿ. ಇಡೀ ದಿನದಲ್ಲಿ ಅವನು ಯಾರ ಗಂಡನೂ ಅಲ್ಲದ, ಯಾರ ಅಳಿಯನೂ ಅಲ್ಲದ ಹೊತ್ತು ಅದೊಂದೇ. ಆ ಹೊತ್ತಿಗೆ ಕಾವಲು ಕೂತಿದ್ದು ಅವನ ಹಳೆಯ ಫೋನು. ಗಾಜು ಒಡೆದು, ಬೆನ್ನಿಗೆ ರಬ್ಬರ್ ಬ್ಯಾಂಡು ಬಿಗಿಸಿಕೊಂಡಿದ್ದ ಆ ಪ್ರಾಣಿ ಟವರಿನ ಬುಡದಲ್ಲಿ ನಿಲ್ಲಿಸಿದರೂ ಸಿಗ್ನಲ್ ಹಿಡಿಯುತ್ತಿರಲಿಲ್ಲ. "ಎಷ್ಟ್ ಸಲ ಹಚ್ಚಿದ್ನಿ, ಎಲ್ಲಿ ಇದ್ರಿ?" ಎಂದು ಕಸ್ತೂರಿಬಾಯಿ ಕೇಳಿದರೆ, "ನೆಟ್ವರ್ಕ್ ಇಲ್ಲ ಬೇ, ನಾ ಏನ್ ಮಾಡ್ಲಿ" ಎಂದು ಫೋನನ್ನೇ ಅವಳ ಕೈಗಿಡುತ್ತಿದ್ದ. ಅದರ ಮುಖ ನೋಡಿದರೆ ಯಾರಾದರೂ ನಂಬಬೇಕು.

ಹೀಗಿರುವಾಗ ಮೊಬೈಲ್ ಅಂಗಡಿಯ ಮಸೂದ ಒಂದು ಬಣ್ಣದ ಕಾಗದ ಕೊಟ್ಟ. ಹೊಸ ಫೋನು ಬರಲಿದೆಯಂತೆ. ಈಗಲೇ ಹೆಸರು ಬರೆಸಿದರೆ ಎಲ್ಲರಿಗಿಂತ ಮೊದಲು ಕೈಗೆ ಸಿಗುತ್ತದಂತೆ, ರವಿವಾರ ಕಡೆಯ ದಿನವಂತೆ. ಕೂಸು ಹುಟ್ಟುವ ಮೊದಲೇ ತೊಟ್ಟಿಲಿಗೆ ರೊಕ್ಕ ಕೊಡುವ ಈ ಪದ್ಧತಿಗೆ ಪ್ರೀಆರ್ಡರ್ ಎಂದು ಹೆಸರು. ಇಡೀ ತಾಲ್ಲೂಕಿನಲ್ಲಿ ಮೊದಲನೆಯವನಾಗುವ ಆಸೆ ಚಂದ್ರಾಮಪ್ಪನ ಹೊಟ್ಟೆಯಲ್ಲಿ ಭಜಿಯ ಪಕ್ಕದಲ್ಲೇ ಜಾಗ ಹಿಡಿಯಿತು. ಆದರೆ ತೊಗರಿ ಮಾರಿದ ರೊಕ್ಕ ಕಸ್ತೂರಿಬಾಯಿಯ ಟ್ರಂಕಿನಲ್ಲಿತ್ತು.

"ಕ್ಯಾಮೆರಾ ಏನ್ ಅದ ಅಂತಿ! ಚಂದ್ರಾಮನ ಮ್ಯಾಲಿನ ತಗ್ಗೂ ಕಾಣ್ತಾವಂತ" ಎಂದು ಅವನು ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಎದುರು ಕೂತು ಮಹಾಕಾವ್ಯ ಆರಂಭಿಸಿದ.

"ಚಂದ್ರಾಮನ್ನ ಏನ್ ನೋಡೂದು, ನಮ್ಮ ಮಾಳಿಗಿ ಸೋರೂದು ನೋಡ್ರಿ ಮದ್ಲ."

"ಮೆಮೊರಿ ಭಾಳ ಅದ ಬೇ. ಏನ್ ಹಾಕಿದ್ರೂ ಮರಿಯಂಗಿಲ್ಲ."

"ಅದು ನಂಗೂ ಅದ. ನಿಮ್ಮಕ್ಕ ನಮ್ಮ ಮದಿವ್ಯಾಗ ನನ್ನ ಸೀರಿಗಿ ಏನಂದಿದ್ಳು, ಹೇಳ್ಲೇನು?"

ಬೇಡವೆಂದು ಚಂದ್ರಾಮಪ್ಪ ಕೈ ಆಡಿಸಿದ. ಕಸ್ತೂರಿಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಕೇಳಬಾರದ ಪ್ರಶ್ನೆಯನ್ನೇ ಕೇಳಿದಳು. "ಸಿಗ್ನಲ್ ಹ್ಯಾಂಗ ಅದ?"

ಅವಳ ಸಂಕಟ ಅವಳಿಗಿತ್ತು. ಆ ಮನೆಯಲ್ಲಿ ಫೋನು ಹತ್ತುವುದು ಮಾಳಿಗೆಯ ಮೇಲೆ ಮಾತ್ರ, ಅದೂ ಪೂರ್ವದ ಮೂಲೆಯಲ್ಲಿ ತುದಿಗಾಲ ಮೇಲೆ ನಿಂತರೆ. ದಿನಾ ಅವ್ವನ ಕೂಡ ಮಾತಾಡಲು ಮೊಣಕಾಲು ನೋವಿನಲ್ಲಿ ನಿಚ್ಚಣಿಕೆ ಏರಬೇಕು. ಏರಿದ ಮೇಲೆ ಗಾಳಿಗೆ ಒದರಬೇಕು. ಒದರಿದ್ದು ಅವ್ವನಿಗೆ ಅರ್ಧ ಕೇಳುತ್ತಿತ್ತು, ಪಕ್ಕದ ಮನೆಯ ರುಕ್ಮಿಣಿಬಾಯಿಗೆ ಪೂರ್ತಿ ಕೇಳುತ್ತಿತ್ತು. ಮೊನ್ನೆ ರುಕ್ಮಿಣಿಬಾಯಿಯ ಸೊಸೆಯ ರೊಟ್ಟಿ ದಪ್ಪ ಎಂಬ ಗುಟ್ಟನ್ನು ಅವ್ವನಿಗೆ ತಿಳಿಸಿದ ಮೇಲೆ ಎರಡು ಮನೆಗಳ ನಡುವೆ ಮಜ್ಜಿಗೆ ಓಡಾಟ ನಿಂತಿತ್ತು. ಮನದ ಮಾತನ್ನು ಅವ್ವನೊಬ್ಬಳಿಗೇ, ಒಳಗೆ ಕೂತು, ಮೆಲ್ಲಗೆ ಹೇಳಬೇಕೆಂದು ಅವಳಿಗೆ ಎಷ್ಟು ದಿನದ ಆಸೆ.

ಟ್ರಂಕಿನ ಕೀಲಿ ಎಲ್ಲಿದೆ ಎಂಬುದು ಚಂದ್ರಾಮಪ್ಪನಿಗೆ ಹೊಳೆಯಿತು. "ಸಿಗ್ನಲ್ಲಾ? ಅದರದೇ ಹೆಸರ್ ಆ ಫೋನಿಗೆ! ನೆಲದೊಳಗಿನ ಹಗೇವಿನಾಗ ಇಳದು ಜೋಳ ತುಂಬಾಕತ್ರೂ ರಿಂಗ್ ಆಗ್ತದಂತ. ಬಾವ್ಯಾಗ ಬಿದ್ರೂ ಬಿದ್ದವಾ ಒಳಗಿಂದ ಮಾತಾಡ್ಬೋದಂತ."

"ಹಂಗಾರ ಸಂಜಿಮುಂದ ಡೈರಿಗಿ ಹೋದಾಗೂ ಹತ್ತತದ?"

ಅಷ್ಟು ಹೊತ್ತು ಬಾವಿಗೆ, ಹಗೇವಿಗೆ ಎಂದು ಕಂಡಲ್ಲೆಲ್ಲ ಸಿಗ್ನಲ್ ಹಂಚಿದವನಿಗೆ ಡೈರಿಯನ್ನು ಮಾತ್ರ ಬಿಡುವುದು ಹೇಗೆಂದು ತಿಳಿಯಲಿಲ್ಲ. "ಹತ್ತತದ" ಎಂದ, ಧ್ವನಿ ಸಣ್ಣದು ಮಾಡಿ.

"ಹತ್ತತದಂತ ಬಾಯಿಲೆ ಹೇಳಿದ್ರ ಆಗಲ್ಲ. ಹೋಗಿ ಬರಾಬರ್ ನೋಡ್ರಿ. ಸಿಗ್ನಲ್ ಖರೇನ ಚೊಲೋ ಇದ್ರ ಹೆಸರ್ ಬರಸೂಣು. ಇಲ್ಲಂದ್ರ ಈ ಮನಿಯಾಗ ಆ ಮಾತೇ ಬ್ಯಾಡ."

ಮರುದಿನ ಅಫಜಲಪುರದ ಹಾದಿಯುದ್ದಕ್ಕೂ ಅವನ ತಲೆಯಲ್ಲಿ ಪಂಚಾಯಿತಿ ನಡೆಯಿತು. ಸಿಗ್ನಲ್ ಚೆನ್ನಾಗಿದ್ದರೆ ಫೋನು ಬರುತ್ತದೆ, ಭಜಿ ಹೋಗುತ್ತದೆ. ಕೆಟ್ಟಿದ್ದರೆ ಭಜಿ ಉಳಿಯುತ್ತದೆ, ಫೋನು ಹೋಗುತ್ತದೆ. ಸ್ವಿಚ್ ಆಫ್ ಮಾಡಿದರೆ ಕಸ್ತೂರಿ ಕಾರಣ ಕೇಳುತ್ತಾಳೆ. ಅಷ್ಟರಲ್ಲಿ ಹಿಂದೆ ಕ್ಯಾನುಗಳು ದಡಬಡ ಎಂದವು, ಅವನ ಬುದ್ಧಿಯೂ ಎಚ್ಚರಾಯಿತು. ಹಾಲು ಹಾಕಿದ ಮೇಲೆ ಕ್ಯಾನು ಖಾಲಿ! ಒಳಗೆ ಫೋನಿಟ್ಟು ಮುಚ್ಚಳ ಒತ್ತಿದರೆ ಯಾವ ಸಿಗ್ನಲ್ ನುಸುಳೀತು? ಮನೆಯಲ್ಲಿ ಫೋನು ಹತ್ತುತ್ತದೆ, ಬಂಡಿಯ ಹತ್ತಿರ ಹತ್ತುವುದಿಲ್ಲ. ಕೇಳಿದರೆ ನೆಟ್ವರ್ಕಿನ ಹಣೆಬರಹ. ಇಷ್ಟು ಬುದ್ಧಿಯನ್ನು ಕಬ್ಬಿಗೆ ಬಳಸಿದ್ದರೆ ಎಕರೆಗೆ ಇನ್ನಷ್ಟು ಟನ್ನು ಬರುತ್ತಿತ್ತೇನೋ.

ತೋರಿಸಲೆಂದು ಬಂದಿದ್ದ ಒಂದು ಫೋನು ಮಸೂದನ ಹತ್ತಿರವಿತ್ತು. ಚಂದ್ರಾಮಪ್ಪ ಕ್ಯಾನನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಕುಕ್ಕಿದ.

"ಅಣ್ಣಾ, ಹಾಲು ಇಲ್ಲಿ ತಗೊಳ್ಳಂಗಿಲ್ಲ" ಎಂದ ಮಸೂದ.

"ಹಾಲಲ್ಲ. ಫೋನ್ ಇದರಾಗ ಹಾಕು. ಹಾಕಿ ರಿಂಗ್ ಕೊಡು."

ಮಸೂದ ಮೂವತ್ತು ತರಹದ ಗಿರಾಕಿಗಳನ್ನು ಕಂಡವನು. ಕ್ಯಾನು ಒರೆಸಿ, ಫೋನಿಟ್ಟು, ಮುಚ್ಚಳ ಬಿಗಿದು ರಿಂಗ್ ಕೊಟ್ಟ. ಒಳಗಿಂದ ಜೇನುಗೂಡು ಎದ್ದಂತೆ ಶಬ್ದ ಬಂತು. ಮುಚ್ಚಳ ತೆಗೆದು ನೋಡಿದರೆ ನಾಲ್ಕೂ ಕಡ್ಡಿ ಎದೆ ಸೆಟೆಸಿ ನಿಂತಿದ್ದವು.

"ತಿಜೋರಿ ಅದ ಏನು?" ಎಂದ ಚಂದ್ರಾಮಪ್ಪ.

ತಿಜೋರಿಯಲ್ಲಿಟ್ಟರು. ಬಾರಿಸಿತು. ಹಸಿ ಗೋಣಿಚೀಲದಲ್ಲಿ ಸುತ್ತಿ ತಿಜೋರಿಯಲ್ಲಿಟ್ಟರು. ಸ್ವಲ್ಪ ಸಣ್ಣಗೆ ಬಾರಿಸಿತು. ಕೊನೆಗೆ ಚಂದ್ರಾಮಪ್ಪನೇ ಓಡಿ ಹೋಗಿ ಖಮರನ ಬಂಡಿಯ ಕೆಳಗೆ ಬೋರಲು ಬಿದ್ದಿದ್ದ ಹಳೆಯ ಕಬ್ಬಿಣದ ಕಡಾಯಿಯನ್ನು ಹೊತ್ತು ತಂದ. ಫೋನಿನ ಮೇಲೆ ಕಡಾಯಿ ಮುಚ್ಚಿ, ಅದರ ಮೇಲೆ ತಾನೇ ಹತ್ತಿ ಕೂತ. ಕಡಾಯಿ ಕೆಳಗಿಂದ ಗುಂಯ್‌ಗುಟ್ಟಿತು. ಕೂತವನಿಗೂ ಕಂಪನ ತಿಳಿಯಿತು.

"ಮಾಶಾ ಅಲ್ಲಾ!" ಎಂದ ಮಸೂದ. "ಕಂಪನಿಯವರೂ ಇಷ್ಟ್ ಚೆಕ್ ಮಾಡಿರ್ಲಿಕ್ಕಿಲ್ಲ ಅಣ್ಣಾ. ಬರೀಲೇನು ಹೆಸರು?"

ಚಂದ್ರಾಮಪ್ಪ ಫೋನನ್ನು ಒಮ್ಮೆ ಸವರಿದ. ಹೆಣ್ಣು ಇಷ್ಟವಾಗಿಯೂ ಸಂಬಂಧ ಬೇಡವೆನ್ನುವ ವರನ ಸಂಕಟ ಅವನದಾಗಿತ್ತು. ಖಮರನ ಬಂಡಿಯ ಕಡೆಯಿಂದ ಎಣ್ಣೆಯ ವಾಸನೆ ಬಂತು. "ಬ್ಯಾಡ" ಎಂದು ಎದ್ದ. ಅಂದು ನಾಲ್ಕರ ಬದಲು ಆರು ಮಿರ್ಚಿ ತಿಂದು ದುಃಖ ಮರೆಯಬೇಕಾಯಿತು.

ಮನೆಗೆ ಬಂದು ಮುಖ ಜೋತುಬಿಟ್ಟುಕೊಂಡು ಹೇಳಿದ: "ಸಿಗ್ನಲ್ ಇಲ್ಲ ಬೇ ಆ ಫೋನಿಗಿ. ಸುಳ್ಳೇ ಹೇಳ್ತಾರ. ಬ್ಯಾಡ ಬಿಡು."

ಕಸ್ತೂರಿಬಾಯಿ ಅವನನ್ನೇ ನೋಡುತ್ತ ನಿಂತಳು. ನೋಡುನೋಡುತ್ತ ಅವಳ ಕಣ್ಣು ತುಂಬಿದವು.

"ನೀವು ಬರೂ ಮದ್ಲ ಮಾಳಿಗಿ ಏರಿ ಮಸೂದಗ ಫೋನ್ ಹಚ್ಚಿದ್ನಿ" ಎಂದಳು. "ಎಲ್ಲಾ ಹೇಳ್ದಾ. 'ವೈನಿ, ಅಣ್ಣ ಕ್ಯಾನ್‌ನಾಗ ಹಾಕಿ ನೋಡ್ದಾ, ತಿಜೋರ್ಯಾಗ ಹಾಕಿ ನೋಡ್ದಾ, ಕಡಾಯಿ ಬುಡಕ ಇಟ್ಟು ಮ್ಯಾಲ ಕುಂತು ನೋಡ್ದಾ, ಎಲ್ಲಾ ಕಡಿ ರಿಂಗ್ ಆತು' ಅಂದಾ. ನಾ ನಿಚ್ಚಣಿಕಿ ಏರೂದು ತಪ್ಪಲಿ ಅಂತ ಇಷ್ಟ್ ತ್ರಾಸ ತಗೊಂಡ್ರಿ. ಕಡೀಕ ಖರ್ಚಿಗಿ ಅಂಜಿ ನನ್ನ ಮುಂದ ಸುಳ್ಳ್ ಹೇಳಾಕತ್ತೀರಿ. ಹೌದಿಲ್ರಿ?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ನಾಚಿಕೆಯಾಯಿತು. ಎಷ್ಟು ನಾಚಿಕೆ ಎಂದರೆ, ನಿಜ ಹೇಳಿಬಿಡಲೇ ಎಂದು ಅರೆಗಳಿಗೆ ಯೋಚಿಸಿದ. ಅರೆಗಳಿಗೆ ಮುಗಿಯಿತು. "ಹೌದು" ಎಂದ.

"ಕಡಾಯಿ ಯಾರದ್ರಿ?"

"ಮಸೂದನ ಮನೀದು" ಎಂದ, ರೆಪ್ಪೆ ಅಲುಗಿಸದೆ.

ರವಿವಾರ ಕಸ್ತೂರಿಬಾಯಿ ತಾನೇ ಟ್ರಂಕು ತೆಗೆದು, ತಾನೇ ಹೋಗಿ, ತನ್ನ ಹೆಸರಿಗೇ ಬರೆಸಿ ಬಂದಳು. "ನೀವು ನನ್ನ ಸಲುವಾಗಿ ನೋಡಿದ ಫೋನು, ನಾನೇ ಇಟ್ಕೋತೇನಿ" ಎಂದಳು. ಗಾಜು ಒಡೆದ ಹಳೆಯದು ಗಂಡನ ಬಳಿಯೇ ಉಳಿಯಿತು. ಚಂದ್ರಾಮಪ್ಪ ಆ ರಾತ್ರಿ ಹಾಸಿಗೆಯಲ್ಲಿ ಒಬ್ಬನೇ ನಕ್ಕ. ಮನೆಗೆ ಸಿಗ್ನಲ್ ಬಂತು, ತನಗೆ ಬರಲಿಲ್ಲ, ಮೇಲೆ ಹೆಂಡತಿಯ ಕಣ್ಣಲ್ಲಿ ದೇವಮಾನವನಾದ. ಕಟ್ಟೆಯ ಮೇಲೆ ತೋರಿಸಲು ಫೋನು ಸಿಗಲಿಲ್ಲ ಎಂಬ ಒಂದು ಕೊರಗು ಬಿಟ್ಟರೆ ಬಾಳು ಬಂಗಾರವಾಗಿತ್ತು.

ಫೋನು ಬಂತು. ಅಡುಗೆಮನೆಯ ಒಳಗೆ, ಕದ ಹಾಕಿಕೊಂಡರೂ ನಾಲ್ಕು ಕಡ್ಡಿ. ಕಸ್ತೂರಿಬಾಯಿ ನಿಚ್ಚಣಿಕೆ ಮರೆತಳು. ಈಗ ಬರೀ ಮಾತಲ್ಲ, ವಿಡಿಯೋ. ಘತ್ತರಗಿಯಲ್ಲಿ ನಿಂಬೆವ್ವನಿಗೆ ಮಗ ಕೊಡಿಸಿದ ಫೋನಿತ್ತು. ತಾಯಿ ಅಲ್ಲಿ ಬೇಳೆ ಆರಿಸಿದರೆ ಮಗಳು ಇಲ್ಲಿ ಕಲ್ಲು ತೋರಿಸುತ್ತಿದ್ದಳು. ಸಂಜೆ ಐದಕ್ಕೆ ಕೂತರೆ ಏಳಾದರೂ ಎದ್ದೇಳಳು. ಗಂಡನಿಗೆ ಫೋನು ಹಚ್ಚುವುದಂತೂ ನಿಂತೇ ಹೋಯಿತು. ತಡವಾಗಿ ಬಂದರೂ ಎಲ್ಲಿದ್ದಿರಿ ಎಂದು ಕೇಳುವವರಿಲ್ಲ. ತಲೆ ಎತ್ತಿ ನೋಡುವವರೂ ಇಲ್ಲ.

ಭಯ ಹೋದ ಮೇಲೆ ಎಚ್ಚರವೂ ಹೋಯಿತು. ಮೊದಲೆಲ್ಲ ವಾಪಸು ಬರುವಾಗ ಹಾದಿಯ ಸಕ್ಕರೆ ಕಾರ್ಖಾನೆ ದಾಟಿದೊಡನೆ ಗಾಡಿ ನಿಲ್ಲಿಸಿ ಬೋರಿನ ನೀರಲ್ಲಿ ಮುಖ ತಿಕ್ಕಿ, ಬಾಯಿ ಮುಕ್ಕಳಿಸಿ, ಬಡೇಸೋಪು ಅಗಿದು ಊರು ಸೇರುತ್ತಿದ್ದ. ಈಗ ಬಡೇಸೋಪು ನಿಂತಿತು, ಮುಕ್ಕಳಿಸುವುದು ನಿಂತಿತು, ಕೊನೆಗೆ ಗಾಡಿ ನಿಲ್ಲಿಸುವುದೂ ನಿಂತಿತು.

ಅವತ್ತು ಬಿಸಿಬಿಸಿ ಐದು ಮಿರ್ಚಿ ಮುಗಿಸಿ, ಹಾಡು ಗುನುಗುತ್ತ ಒಳಗೆ ಕಾಲಿಟ್ಟ. ಕಸ್ತೂರಿಬಾಯಿ ಒಲೆಯ ಪಕ್ಕ ಗೋಡೆಗೆ ಒರಗಿ ಅವ್ವನ ಕೂಡ ನಗುತ್ತಿದ್ದಳು. ಗಂಡನ ಹೆಜ್ಜೆಯ ಸದ್ದಿಗೆ, ಪರದೆಯಿಂದ ಕಣ್ಣು ತೆಗೆಯದೆಯೇ, "ತಗೋ ಅವ್ವಾ, ನಿನ್ನ ಅಳಿಯನೂ ಬಂದ್ರು, ಮಾತಾಡು" ಎಂದು ಫೋನನ್ನು ಅವನ ಮುಖದೆದುರು ಹಿಡಿದಳು.

"ಶರಣ್ರೀ ಅತ್ತಿ" ಎಂದ ಚಂದ್ರಾಮಪ್ಪ, ದೊಡ್ಡ ನಗೆ ನಕ್ಕು.

ನಿಂಬೆವ್ವ ಕನ್ನಡಕ ಏರಿಸಿದಳು. ಫೋನನ್ನು ಕಣ್ಣಿನ ಹತ್ತಿರ ತಂದಳು. ಈ ಕಡೆ ಪರದೆಯ ತುಂಬ ಅವಳ ಒಂದೇ ಕಣ್ಣು ಕಾಣಿಸಿತು.

"ಅಳಿಯಂದ್ರ ಮೀಸಿಗಿ ಏನೋ ಹತ್ತೇದಲ್ಲ. ಹಳದಿ ಹಳದಿ."

ಚಂದ್ರಾಮಪ್ಪ ಕೈ ಎತ್ತಲು ಹೋಗಿ ತಡೆದುಕೊಂಡ. ಒರೆಸಿದರೆ ಒಪ್ಪಿದಂತೆ. "ಸಿಗ್ನಲ್ ಸರಿ ಇಲ್ಲ ಕಾಣ್ತದ ಅತ್ತಿ, ಅದಕ್ಕ ಹಂಗ ಬಣ್ಣ ಬಣ್ಣ ಕಾಣ್ಸಾಕತ್ತದ" ಎಂದ.

"ಇಲ್ರೆಪ್ಪಾ, ಸಿಗ್ನಲ್ ಭಾಳ ಚೊಲೋ ಅದ" ಎಂದಳು ನಿಂಬೆವ್ವ. "ಭಜಿ ಹಿಟ್ಟಿನಾಗಿನ ಅಜವಾನ ಕಾಳೂ ಕಾಣ್ಸಾಕತ್ತದ."

ಕಸ್ತೂರಿಬಾಯಿ ಮೆಲ್ಲಗೆ ಫೋನು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ತಲೆ ಎತ್ತಿ ಗಂಡನ ಮುಖ ನೋಡಿದಳು.