ಅಲ್ಪವಿರಾಮರು ಗುಂಪು ಬಿಟ್ಟದ್ದು

ಅಲ್ಪವಿರಾಮರು ಗುಂಪು ಬಿಟ್ಟು ಮೂರು ದಿನವಾಗಿತ್ತು. ಈ ಮೂರು ದಿನದಲ್ಲಿ ಒಂದು ನರಪಿಳ್ಳೆಯೂ ‘ಯಾಕೆ ಹೋದಿರಿ’ ಎಂದು ಕೇಳಿರಲಿಲ್ಲ. ಮನುಷ್ಯ ಮುನಿಸಿಕೊಂಡು ಬಾಗಿಲು ದಾಟುವುದೇ ಹಿಂದಿನಿಂದ ಯಾರಾದರೂ ಕೂಗಲಿ ಎಂದು. ಕೂಗುವವರೇ ಇಲ್ಲದ ಮೇಲೆ ಅದು ಮುನಿಸಲ್ಲ, ಬರೀ ನಡಿಗೆ.

ಅಲ್ಪವಿರಾಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಒಂದು ಅಚ್ಚುಕೂಟದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಿದ್ದರು. ಶಾಲೆಯ ಪಠ್ಯ, ಔಷಧಿಯ ಚೀಟಿ, ಕಾರ್ಖಾನೆಯ ನಿಯಮಾವಳಿ ಎಲ್ಲವೂ ಅವರ ಕೆಂಪು ಪೆನ್ನಿನ ಕೆಳಗೆ ಹಾದೇ ಲೋಕ ಕಾಣಬೇಕಿತ್ತು. ‘ದಿನಕ್ಕೆ ಹನ್ನೊಂದು ಮಾತ್ರೆ’ ಎಂದು ಅಚ್ಚಾಗಲಿದ್ದುದನ್ನು ‘ದಿನಕ್ಕೆ ಒಂದು’ ಎಂದು ತಿದ್ದಿ ಎಷ್ಟೋ ಜೀವ ಉಳಿಸಿದ ಪುಣ್ಯಾತ್ಮರು ಅವರು. ಯಾವ ಮಾತನ್ನೇ ಆಗಲಿ ಅರ್ಧ ಹೇಳಿ, ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಆಮೇಲೆ ಮುಂದುವರಿಸುವುದು ಅವರ ಅಭ್ಯಾಸ. ಅದಕ್ಕೇ ಜೊತೆಯವರು ಆ ಹೆಸರಿಟ್ಟಿದ್ದರು. (ಮನೆಯಲ್ಲಿ ಅವರು ಕನ್ನಡಕ ಒರೆಸಿ ಮುಗಿಸುವಷ್ಟರಲ್ಲಿ ಹೆಂಡತಿ ಎದ್ದು ಹೋಗಿರುತ್ತಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರ ಒಂದು ವಾಕ್ಯವೂ ಪೂರ್ಣವಿರಾಮದ ಮುಖ ಕಂಡಿರಲಿಲ್ಲ.)

ಇನ್ನು ಆ ಗುಂಪಿನ ವಿಷಯ. ಬಟ್ಟೆ ಒಗೆಯುವ ಒಂದೇ ಮಾದರಿಯ ಯಂತ್ರವನ್ನು ಕೊಂಡು ಕೆಟ್ಟ ಏಳು ಜನ, ಏಳು ಊರಿನವರು, ಕಂಪನಿಯ ಮೇಲೆ ಒಟ್ಟಾಗಿ ದೂರು ಕೊಡೋಣ ಎಂದು ಫೋನಿನಲ್ಲಿ ಕಟ್ಟಿಕೊಂಡ ಗುಂಪು ಅದು. ದೂರು ಎಲ್ಲಿಗೂ ಮುಟ್ಟಲಿಲ್ಲ. ಯಂತ್ರಗಳು ಗುಜರಿ ಸೇರಿ ಮೂರು ವರ್ಷವಾಯಿತು. ಗುಂಪು ಮಾತ್ರ ಉಳಿಯಿತು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಆದರೂ ಬೆಳಗಾದರೆ ಮಾತು ಶುರು. ಗುಂಪಿನ ಯಜಮಾನಿ ನರ್ಸಕ್ಕ ಕೆಲಸ ಮುಗಿಸಿ ಮನೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಾ ಬರೆಯುತ್ತಿದ್ದಳು. ಡ್ರೈವರಣ್ಣ ಬಸ್ ಡಿಪೋದಿಂದ ಬರೆಯುತ್ತಿದ್ದ. ಬೆಕ್ಕೊಂದನ್ನು ಸಾಕಿಕೊಂಡು ಒಂಟಿಯಾಗಿದ್ದ ಬೆಕ್ಕಿನಕ್ಕ ತನ್ನ ಬಾಡಿಗೆ ಮನೆಯ ಸೂರಿನ ತೇವದ ಕಲೆಯನ್ನು ವಾರಕ್ಕೊಮ್ಮೆ ಫೋಟೊ ಹಿಡಿದು ಹಾಕಿ, ಹೋದ ವಾರಕ್ಕಿಂತ ದೊಡ್ಡದಾಗಿದೆಯೇ ನೋಡಿ ಹೇಳಿ ಎನ್ನುತ್ತಿದ್ದಳು. ಉಳಿದ ಆರೂ ಜನ ಅದನ್ನು ಹಿಗ್ಗಿಸಿ ನೋಡಿ ಗಂಭೀರವಾಗಿ ಅಭಿಪ್ರಾಯ ಕೊಡುತ್ತಿದ್ದರು. ಎಲ್ಲೋ ಒಂದು ನಗರಸಭೆ ಹೊಸ ಸೇತುವೆ ಕಟ್ಟಿಸಿ, ಅದರ ಎರಡು ತುದಿ ಎರಡು ಎತ್ತರಕ್ಕೆ ಬಂದು ನಿಂತ ಸುದ್ದಿ ಗುಂಪಿನಲ್ಲಿ ಒಂದು ವಾರ ಓಡಿತು. (ಸೇತುವೆ ಮಾತ್ರ ಓಡಲಿಲ್ಲ.)

ಅಲ್ಪವಿರಾಮರ ಮನೆಯಲ್ಲಿ ಸುದ್ದಿ ಎಂದರೆ ‘ಗ್ಯಾಸ್ ಮುಗೀತು’. ಅದಕ್ಕೆ ಉತ್ತರ ‘ಹೂಂ’. ಹೆಂಡತಿ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಬೇಕಾದರೆ ಕೂಗಬೇಕು. ಕೂಗಿದರೆ ‘ಯಾಕೆ ಕೂಗ್ತೀರಿ’ ಎನ್ನುತ್ತಾಳೆ. ಆದ್ದರಿಂದ ಅವರು ಐದು ಹೆಜ್ಜೆ ದೂರದ ಹೆಂಡತಿಯನ್ನು ಬಿಟ್ಟು, ಕಂಡರಿಯದ ಆರು ಜನಕ್ಕೆ ತಮ್ಮ ಎದೆಯನ್ನು ಬಿಚ್ಚಿ ಹರವಿಬಿಟ್ಟಿದ್ದರು. ಎಷ್ಟರಮಟ್ಟಿಗೆ ಎಂದರೆ, ಮೂರು ತಿಂಗಳ ಹಿಂದೆ ಅಚ್ಚುಕೂಟದ ಯಜಮಾನರು ತಪ್ಪು ಹುಡುಕುವ ಕಂಪ್ಯೂಟರ್ ತರಿಸಿ, ‘ಇನ್ನು ಮೇಲೆ ನೀವು ಮಂಗಳವಾರ, ಗುರುವಾರ ಬರುವುದು ಬೇಡ’ ಎಂದಾಗ ಆ ವಿಷಯ ಹತ್ತು ನಿಮಿಷದೊಳಗೆ ಗುಂಪಿಗೆ ತಿಳಿದಿತ್ತು. ಹೆಂಡತಿಗೆ ಮಾತ್ರ ತಿಳಿದಿರಲಿಲ್ಲ. ಇವತ್ತು ಹೇಳೋಣ ಎಂದುಕೊಳ್ಳುವರು, ಅಲ್ಪವಿರಾಮ ಹಾಕುವರು, ನಾಳೆಯಾಗುವುದು. ಆ ಎರಡು ದಿನವೂ ಊಟದ ಡಬ್ಬಿ ಹಿಡಿದು ಎಂದಿನಂತೆ ಹೊರಟು, ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು, ಅಲ್ಲಿನ ದಿನಪತ್ರಿಕೆಗಳ ತಪ್ಪುಗಳನ್ನು ಪೆನ್ಸಿಲಿನಲ್ಲಿ ತಿದ್ದಿ, ಐದೂವರೆಗೆ ದಣಿದ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದರು. ದಣಿವು ಮಾತ್ರ ನಟನೆಯಲ್ಲ. ಏನೂ ಮಾಡದೆ ಎಂಟು ಗಂಟೆ ಕೂರುವುದು ಮಾಡಿ ನೋಡಿದವರಿಗೇ ಗೊತ್ತು.

ಗುಂಪು ಬಿಡುವ ಪ್ರಸಂಗ ಬಂದದ್ದು ಸೋಮವಾರ ಬೆಳಿಗ್ಗೆ. ಹದಿನಾಲ್ಕು ವರ್ಷ ಬೆಕ್ಕಿನಕ್ಕನ ಮಡಿಲಲ್ಲಿ ಮಲಗಿದ ಬೆಕ್ಕು ಸತ್ತುಹೋಗಿತ್ತು. ಅವಳು ಬರೆದಳು: ‘ಅವನು ಹೋದ. ಮನೆಯಲ್ಲಿ ಸದ್ದೇ ಇಲ್ಲ. ದುಖ ತಡೆಯಲಾಗುತ್ತಿಲ್ಲ.’

ಅಲ್ಪವಿರಾಮರ ಕಣ್ಣು ನಿಜವಾಗಿ ತುಂಬಿತು. ಆದರೆ ಕಣ್ಣು ಅವರದು, ಕೈ ಅಚ್ಚುಕೂಟದ್ದು. ಮನಸ್ಸು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಬೆರಳು ‘ದುಃಖ. ವಿಸರ್ಗ ಬಿಟ್ಟುಹೋಗಿದೆ,’ ಎಂದು ಬರೆದು ಕಳಿಸಿಬಿಟ್ಟಿತು. ಅದರ ಹಿಂದೆಯೇ ನಾಲ್ಕು ಒಳ್ಳೆಯ ಸಾಲು ಬರೆಯುವವರಿದ್ದರು, ದೇವರಾಣೆಗೂ ಇದ್ದರು. ಅಷ್ಟರಲ್ಲಿ ಒದ್ದೆಯಾದ ಕನ್ನಡಕ ಒರೆಸಬೇಕಾಯಿತು. ಒರೆಸಿ ಮೂಗಿನ ಮೇಲೆ ಏರಿಸಿ ನೋಡುತ್ತಾರೆ, ಡ್ರೈವರಣ್ಣ ಬರೆದಿದ್ದ: ‘ಅಣ್ಣ, ಅವರ ಮನೇಲಿ ಜೀವ ಹೋಗಿದೆ. ನಿಮಗೆ ಎರಡು ಚುಕ್ಕಿ ಹೋದದ್ದು ಕಾಣಿಸ್ತಾ?’

ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರಿನವರ ತಪ್ಪನ್ನೆಲ್ಲ ಇಪ್ಪತ್ತೊಂಬತ್ತು ವರ್ಷ ತಿದ್ದಿದವರಿಗೆ ತಮ್ಮ ತಪ್ಪು ಒಪ್ಪಿಕೊಂಡು ಅಭ್ಯಾಸವಿರಲಿಲ್ಲ. ವಿಸರ್ಗವಿಲ್ಲದ ದುಃಖ ಅರ್ಧ ದುಃಖ ಮಾತ್ರ, ತಾವು ಅದನ್ನು ಪೂರ್ತಿ ಮಾಡಿಕೊಟ್ಟಿದ್ದು ಗೌರವದಿಂದಲೇ ಎಂದು ವಾದಿಸಿದರು. ಯಾರೂ ಉತ್ತರಿಸಲಿಲ್ಲ. ಆ ಮೌನ ಅವರನ್ನು ಇನ್ನಷ್ಟು ಕೆರಳಿಸಿತು. ‘ಭಾಷೆಗೆ ಬೆಲೆಯಿಲ್ಲದ ಕಡೆ ನನಗೂ ನೆಲೆಯಿಲ್ಲ’ ಎಂದು ಆರಂಭವಾಗುವ ಹದಿನೆಂಟು ಸಾಲಿನ ವಿದಾಯ ಪತ್ರ ಬರೆದು, ಕಳಿಸಿ, ಗುಂಪಿನಿಂದ ಹೊರಬಿದ್ದರು.

ಹೊರಬಿದ್ದ ಮೇಲೆ ಪತ್ರವನ್ನು ಮತ್ತೊಮ್ಮೆ ಓದಿದರು. ಹದಿನಾರನೆಯ ಸಾಲಿನಲ್ಲಿ ‘ಭಾರವಾದ ಮನಸ್ಸಿನಿಂದ’ ಎಂದಿರಬೇಕಾದ ಕಡೆ ‘ಬಾರವಾದ’ ಎಂದಿತ್ತು. ಕುರ್ಚಿಯಲ್ಲಿ ಕೂತಲ್ಲೇ ಬೆವತುಹೋದರು. ಆರು ಫೋನುಗಳಲ್ಲಿ ಆ ತಪ್ಪು ಶಾಶ್ವತವಾಗಿ ಕೂತಿದೆ. ತಿದ್ದಲು ಒಳಗೆ ಹೋಗಬೇಕು. ಒಳಗೆ ಹೋಗಲು ಯಾರಾದರೂ ಕರೆಯಬೇಕು. ಮಹಾಪ್ರಾಣ ಹೋಗಿ ಅಲ್ಪಪ್ರಾಣವಷ್ಟೇ ಉಳಿದಿತ್ತು, ಸಾಲಿನಲ್ಲೂ, ಅವರಲ್ಲೂ.

ಆಮೇಲಿನ ಮೂರು ದಿನ ಅವರು ಬದುಕಿದ್ದು ಹೆಸರಿಗೆ ಮಾತ್ರ. ಫೋನು ಕೆಟ್ಟಿರಬಹುದೇ ಎಂದು ಪಕ್ಕದ ಮನೆಯವರಿಂದ ಒಂದು ಕರೆ ಮಾಡಿಸಿ ನೋಡಿದರು. ಅದು ಚೆನ್ನಾಗಿಯೇ ರಿಂಗಾಯಿತು. ಬೆಕ್ಕಿನಕ್ಕ ಆ ಸದ್ದಿಲ್ಲದ ಮನೆಯಲ್ಲಿ ಏನು ಮಾಡುತ್ತಿರಬಹುದು ಎಂದು ನೆನೆಯುತ್ತಿದ್ದರು. ಹೇಳಬೇಕಾಗಿದ್ದ ಆ ನಾಲ್ಕು ಸಾಲು ಈಗ ಪ್ರತಿ ಗಂಟೆಗೂ ಹೊಸ ಹೊಸದಾಗಿ ಹೊಳೆಯುತ್ತಿದ್ದವು. ಗೋಡೆಗೆ ಹೇಳಿಕೊಳ್ಳಬೇಕಷ್ಟೆ. ತಾವು ನಾಳೆ ಸತ್ತರೂ ಈ ಜನಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದರೂ ಡ್ರೈವರಣ್ಣ ಒಂದು ಕೈಮುಗಿದ ಚಿತ್ರ ಹಾಕಿ ಬಸ್ ಹತ್ತುತ್ತಾನೆ ಎಂದು ಅವರಿಗೆ ಖಾತ್ರಿಯಾಯಿತು.

ಗುರುವಾರ ಗ್ರಂಥಾಲಯದಲ್ಲಿ ಸುಣ್ಣ ಬಳಿಯುತ್ತಿದ್ದರು. ಓದುಗರನ್ನೆಲ್ಲ ಹೊರಗೆ ಹಾಕಿದರು. ಪಾರ್ಕಿನ ಬೆಂಚಿನಲ್ಲಿ ಬಿಸಿಲು ತಡೆಯಲಾಗದೆ ಅಲ್ಪವಿರಾಮರು ಮಧ್ಯಾಹ್ನ ಎರಡು ಗಂಟೆಗೇ ಮನೆಯ ಬಾಗಿಲಿಗೆ ಬಂದು ನಿಂತರು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದಿಲ್ಲ. ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಅದು ತಮ್ಮ ಹೆಂಡತಿಯ ನಗು ಎಂದು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಫೋನು ಕಿವಿಗೆ ಹಿಡಿದು, ಕಾಲು ಮೇಲೆ ಮಡಚಿಕೊಂಡು ಕೂತಿದ್ದಳು. ಗಂಡನನ್ನು ನೋಡಿ, ನಗು ನಿಲ್ಲಿಸದೆಯೇ ಫೋನಿಗೆ, “ಇಗೋ ಬಂದ್ರು. ಇಲ್ಲಮ್ಮ, ಚೆನ್ನಾಗೇ ಇದಾರೆ. ಡಬ್ಬಿ ಕೈಯಲ್ಲೇ ಇದೆ. ಆಮೇಲೆ ಮಾಡ್ತೀನಿ,” ಎಂದು ಇಟ್ಟಳು.

“ಯಾರದು?”

“ನಿಮ್ಮ ನರ್ಸಕ್ಕ.”

ಹೆಂಡತಿಯ ಮಂಡಿನೋವಿನ ಕಥೆಯನ್ನು ಗುಂಪಿನಲ್ಲಿ ಹೇಳಿ, ನರ್ಸಕ್ಕ ಮಂಡಿಗೆ ಹಾಕುವ ಪಟ್ಟಿ ಕಳಿಸುತ್ತೇನೆಂದಾಗ, ಪಾರ್ಸಲ್ಲಿಗೆಂದು ಹೆಂಡತಿಯ ನಂಬರು ಕೊಟ್ಟವರು ಅಲ್ಪವಿರಾಮರೇ. ಆ ಗುಂಪು ಸುಮ್ಮನೆ ಕೂತಿರಲಿಲ್ಲ. ಮೂರು ದಿನದಿಂದ ಅವರ ಬಗ್ಗೆಯೇ ಮಾತಾಡಿ, ಮುನಿದವರನ್ನು ನೇರವಾಗಿ ಕೇಳಿದರೆ ಇನ್ನೂ ಮುನಿದಾರು ಎಂದು ಹೆದರಿ, ಕೊನೆಗೆ ನರ್ಸಕ್ಕನಿಗೆ ಈ ಕೆಲಸ ಒಪ್ಪಿಸಿತ್ತು. ಅವರನ್ನು ಹುಡುಕಿದ್ದರು! ಅವರ ಕಣ್ಣು ಮತ್ತೆ ತುಂಬುವುದರಲ್ಲಿತ್ತು. ಅಷ್ಟರಲ್ಲಿ ತಾವು ಹೊತ್ತಲ್ಲದ ಹೊತ್ತಿನಲ್ಲಿ ಬಂದಿರುವುದು ನೆನಪಾಯಿತು.

“ಇವತ್ತು ಅಚ್ಚಿನ ಮೆಷಿನ್ನು ಕೆಟ್ಟು,” ಎಂದು ಶುರುಮಾಡಿ ಕನ್ನಡಕ ತೆಗೆದರು.

“ಗುರುವಾರ ನಿಮಗೆ ಕೆಲಸ ಇಲ್ಲ,” ಎಂದಳು ಹೆಂಡತಿ.

“ನರ್ಸಕ್ಕ ಹೇಳಿದ್ಲಾ?”

“ಅವಳು ಇವತ್ತು ಹೇಳಿದ್ಲು. ನನಗೆ ಎರಡೂವರೆ ತಿಂಗಳಿಂದ ಗೊತ್ತು. ನಿಮ್ಮ ಅಂಗಿ ಒಗೆಯೋಳು ನಾನೇ ಅಲ್ವಾ? ಮಂಗಳವಾರ, ಗುರುವಾರದ ಅಂಗಿ ತೋಳಿಗೆ ಕೆಂಪು ಶಾಯಿ ಇರಲ್ಲ.”

“ಮತ್ತೆ ಕೇಳಬಾರದಿತ್ತಾ?”

“ನೀವಾಗಿ ಹೇಳ್ತೀರಿ ಅಂತ ಕಾದೆ,” ಎಂದಳು ಅವಳು. ದನಿಯಲ್ಲಿ ಈಗ ನಗುವಿರಲಿಲ್ಲ. “ಡಬ್ಬಿಗೆ ಆ ಎರಡು ದಿನ ಒಂದು ಹಿಡಿ ಹೆಚ್ಚೇ ಹಾಕ್ತಿದ್ದೆ. ಸುಮ್ಮನೆ ಕೂತೋರಿಗೆ ಹಸಿವು ಜಾಸ್ತಿ. ನೀವು ಹೇಳಿದ್ರಿ, ಇಲ್ಲ ಅನ್ನಲ್ಲ. ಆರು ಜನಕ್ಕೆ ಹೇಳಿದ್ರಿ.”

ಅಲ್ಪವಿರಾಮರು ತೆಗೆದ ಕನ್ನಡಕವನ್ನು ಒರೆಸತೊಡಗಿದರು. ಆಶ್ಚರ್ಯವೆಂದರೆ, ಈ ಸಲ ಅವಳು ಎದ್ದು ಹೋಗಲಿಲ್ಲ. ಕಾದು ಕೂತಳು. ಕಡೆಗೆ ಅವರು, “ತಪ್ಪಾಯ್ತು,” ಎಂದರು. ಅದು ಅವರ ಬಾಯಲ್ಲಿ ಎಷ್ಟು ಹೊಸದಾಗಿತ್ತೆಂದರೆ ಒತ್ತಕ್ಷರ ಸರಿಯಾಗಿ ಬಂತೇ ಎಂದು ಅವರಿಗೇ ಅನುಮಾನ. ಅವಳು ಕೈಯಿಂದ ಡಬ್ಬಿ ತೆಗೆದುಕೊಂಡು, ಇನ್ನು ಆ ಎರಡು ದಿನ ಮನೆಯಲ್ಲೇ ಇರಿ, ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚಲು ಒಂದು ಕೈ ಬೇಕಾಗಿದೆ ಎಂದಳು. ಅಲ್ಲಿಗೆ ಮೂರು ತಿಂಗಳ ಗುಟ್ಟು ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಸುಖಾಂತವಾಗುತ್ತಿತ್ತು. ಆದರೆ ನರ್ಸಕ್ಕ ಹೆಂಡತಿಯನ್ನು ಅಷ್ಟರಲ್ಲೇ ಗುಂಪಿಗೆ ಸೇರಿಸಿಯಾಗಿತ್ತು. ಅದು ಗೊತ್ತಾದದ್ದು ಶುಕ್ರವಾರ, ಅವಳು ಒಲೆಯ ಮುಂದೆ ನಿಂತು ಒಂದೇ ಬೆರಳಿನಲ್ಲಿ ಬರೆಯುವುದನ್ನು ಹಿಂದಿನಿಂದ ಇಣುಕಿ ನೋಡಿದಾಗ. ‘ಎಲ್ರಿಗು ನಮಸ್ಕರ’ ಎಂದು ಆರಂಭಿಸಿದ್ದಳು. ದೀರ್ಘವಿಲ್ಲ, ಒತ್ತಿಲ್ಲ, ಪದಗಳು ಸಂತೆಗೆ ಹೋದವರಂತೆ ಎಲ್ಲೆಲ್ಲೋ ನಿಂತಿದ್ದವು. ಅಡುಗೆಮನೆಯ ನಲ್ಲಿಯನ್ನು ತಾವೇ ರಿಪೇರಿ ಮಾಡಿದ್ದಾಗಿ ಅಲ್ಪವಿರಾಮರು ಗುಂಪಿನಲ್ಲಿ ಕೊಚ್ಚಿಕೊಂಡಿದ್ದರು. ಆ ದಿನ ನಲ್ಲಿಯವನು ಬಂದು ರಿಪೇರಿ ಮಾಡುವಾಗ ಇವರು ಬರೀ ಟಾರ್ಚು ಹಿಡಿದಿದ್ದನ್ನೂ, ಅದನ್ನೂ ತಮ್ಮ ಮುಖಕ್ಕೇ ಹಿಡಿದುಕೊಂಡಿದ್ದನ್ನೂ ಅವಳು ಸವಿಸ್ತಾರವಾಗಿ ವರ್ಣಿಸಿದ್ದಳು. ಬೆಕ್ಕಿನಕ್ಕ, ‘ವಾರದಲ್ಲಿ ಮೊದಲ ಸಲ ನಕ್ಕೆ’ ಎಂದು ಬರೆದಿದ್ದಳು.

ಆ ಮಾತು ಓದಿ ಅಲ್ಪವಿರಾಮರಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಇನ್ನು ಮಾನ ಮರ್ಯಾದೆ ನೋಡಿಕೊಂಡು ಕೂತರೆ ಆಗದು ಎಂದು, “ನನ್ನನ್ನೂ ಸೇರಿಸೋಕೆ ಹೇಳು. ಬೆಕ್ಕಿನಕ್ಕನಿಗೆ ಕ್ಷಮೆ ಕೇಳಬೇಕು,” ಎಂದರು.

ಅವಳು ಕೇಳಿದಳು. ಕ್ಷಮೆ ಆಗಲೇ ಸಿಕ್ಕಿದೆ ಎಂದು ಬೆಕ್ಕಿನಕ್ಕ ತಕ್ಷಣ ಬರೆದಳು. ಸೇರಿಸುವ ವಿಷಯಕ್ಕೆ ಮಾತ್ರ ಅರ್ಧ ದಿನ ಸಮಾಲೋಚನೆ ನಡೆಯಿತು. ಸಂಜೆಯ ಹೊತ್ತಿಗೆ ನರ್ಸಕ್ಕನ ತೀರ್ಪು ಬಂತು. ಹೆಂಡತಿ ಅದನ್ನು ಮುಖದ ಒಂದು ಗೆರೆಯೂ ಕದಲದಂತೆ ಗಂಡನಿಗೆ ಓದಿ ಹೇಳಿದಳು:

“‘ಅಣ್ಣ ಅಂದ್ರೆ ನಮಗೆಲ್ಲ ಪ್ರೀತಿ. ಆದ್ರೆ ಅವರು ಇದ್ರೆ ನೀವು ಮನಸ್ಸು ಬಿಚ್ಚಿ ಬರೆಯಲ್ಲ ಅಕ್ಕ. ಸದ್ಯಕ್ಕೆ ಬೇಡ.’”

ಮಂಗಳವಾರ ಬೆಳಿಗ್ಗೆ ಅಲ್ಪವಿರಾಮರು ಮುಂದಿನ ಕೋಣೆಯ ಚಾಪೆಯ ಮೇಲೆ ಮೂವತ್ತು ಬಿಳಿ ಅಂಗಿಗಳ ರಾಶಿಯ ನಡುವೆ ಕೂತು, ಸೂಜಿಗೆ ನಾಲ್ಕನೆಯ ಸಲ ದಾರ ಪೋಣಿಸುತ್ತಿದ್ದರು. ಹೆಂಡತಿ ಯಂತ್ರ ನಿಲ್ಲಿಸಿ ಫೋನು ನೋಡಿದಳು. ಮೊದಲು ತುಟಿ ಅಲುಗಿತು, ಆಮೇಲೆ ಭುಜ. ಕೊನೆಗೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟಾಯಿತು.

“ಏನಂತೆ?” ಎಂದರು ಅಲ್ಪವಿರಾಮರು.

“ಏನಿಲ್ಲ ಬಿಡಿ, ಯಾರದೋ ಮನೆ ವಿಷಯ,” ಎಂದು ಹೇಳಿ, ಅವರು ಹಚ್ಚಿದ ಗುಂಡಿಯೊಂದನ್ನು ಫೋಟೊ ಹಿಡಿದುಕೊಂಡು, ಅವಳು ಮತ್ತೆ ಬರೆಯತೊಡಗಿದಳು.